ಬೈ-ವೈರಿಂಗ್ ಮಾಡಿದರೆ ಸೌಂಡ್ ನಿಜವಾಗಿ ಬದಲಾಗುತ್ತಾ? ಮೈಸೂರು-ಮಂಡ್ಯ ಕಡೆಯವರು ಹೇಳಿ

ಬೋಗಾದಿ_ಕೇಳುಗ (ಮೈಸೂರು)
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ಗೊತ್ತಿರುವವರು ಬಿಡಿಸಿ ಹೇಳಿ.

ನನ್ನ ಬುಕ್‌ಶೆಲ್ಫ್ ಸ್ಪೀಕರ್‌ಗಳ ಹಿಂದೆ ನಾಲ್ಕು ನಾಲ್ಕು ಟರ್ಮಿನಲ್ ಇವೆ. ಮೇಲಿನ ಜೋಡಿ ಟ್ವೀಟರ್‌ಗೆ (ಮೇಲಿನ ಸ್ವರ ನುಡಿಸುವ ಸಣ್ಣ ಘಟಕ), ಕೆಳಗಿನ ಜೋಡಿ ವೂಫರ್‌ಗೆ (ಬಾಸ್ ನುಡಿಸುವ ದೊಡ್ಡ ಘಟಕ). ನಡುವೆ ಚಿನ್ನದ ಬಣ್ಣದ ಪಟ್ಟಿ ಕೂರಿಸಿದ್ದಾರೆ. ಈಗ ಆಂಪ್‌ನಿಂದ ಒಂದೇ ಜೋಡಿ ವೈರ್ ಎಳೆದು ಕೆಳಗಿನ ಟರ್ಮಿನಲ್‌ಗೆ ಕೊಟ್ಟಿದ್ದೇನೆ. ಮೂರು ಮೀಟರ್, 2.5 ಸ್ಕ್ವೇರ್ (ಚದರ ಮಿ.ಮೀ.) ತಾಮ್ರದ ವೈರ್, ಶಿವರಾಂಪೇಟೆಯಲ್ಲಿ ತಂದಿದ್ದು.

ಮೊನ್ನೆ ಬೆಂಗಳೂರಿನ ಒಂದು ಆಡಿಯೊ ಅಂಗಡಿಗೆ ಹೋಗಿದ್ದೆ. ಆ ಪಟ್ಟಿ ತೆಗೆದು, ಪ್ರತಿ ಸ್ಪೀಕರ್‌ಗೂ ಎರಡೆರಡು ಜೋಡಿ ವೈರ್ ಎಳೆದು ಬೈ-ವೈರಿಂಗ್ ಮಾಡಿ ಅಂದರು. "ಬಾಸ್ ಬಿಗಿಯಾಗುತ್ತೆ, ಮೇಲಿನ ಸ್ವರ ತಿಳಿಯಾಗುತ್ತೆ, ಪವರ್ ಕೂಡ ಡಬಲ್ ಸಿಗುತ್ತೆ" ಎಂದು ಹೇಳಿ 22 ಸಾವಿರದ ಕೇಬಲ್ ಸೆಟ್ ತೋರಿಸಿದರು. ನನ್ನ ಆಂಪ್ ಬೆಲೆಯೇ ಹೆಚ್ಚುಕಡಿಮೆ ಅಷ್ಟು.

ನಾನು ಕೇಳುವುದು ಜಾಸ್ತಿ ಕರ್ನಾಟಕ ಸಂಗೀತ, ಅದರಲ್ಲೂ ವೀಣೆ. ಎಡಗಡೆಯಿಂದ ತಂಬೂರಿ ಸ್ವಲ್ಪ ಮಂಕಾಗಿ ಕೇಳಿಸುತ್ತದೆ. ಮೃದಂಗದ ತೊಪ್ಪಿ (ಎಡಮುಖ) ಮಾತ್ರ ಗುಂಯ್ ಅನ್ನುತ್ತದೆ. ಬೈ-ವೈರ್ ಮಾಡಿದರೆ ಇದು ಸರಿಹೋಗುತ್ತಾ? ದುಡ್ಡು ಹಾಕುವ ಮೊದಲು ಮಾಡಿ ನೋಡಿದವರ ಮಾತು ಬೇಕು.

ಕಿವಿ_ಮುಖ್ಯ (ಮೈಸೂರು, ಗೋಕುಲಂ)
ಖಂಡಿತ ಬದಲಾಗುತ್ತೆ ಸರ್. ನಾನು ಮಾಡಿಸಿ ವರ್ಷಗಳೇ ಆದವು. ಪಿಟೀಲು ಮತ್ತು ಹಾಡುಗಾರಿಕೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಮೊದಲು ಒಂದಕ್ಕೊಂದು ಅಂಟಿಕೊಂಡ ಹಾಗೆ ಇತ್ತು. ಆದರೆ 22 ಸಾವಿರ ಬೇಡ, ಈಗಿರುವ ವೈರನ್ನೇ ಇನ್ನೊಂದು ಜೋಡಿ ತಂದು ಹಾಕಿ.

ಓಮ್_ನಿಯಮ (ಮೈಸೂರು, ಸರಸ್ವತಿಪುರಂ)
ಮೊದಲು ಆ ಅಂಗಡಿಯ ಮಾತು ನೋಡೋಣ. ಪವರ್ ಡಬಲ್ ಆಗುವುದು ಸುಳ್ಳು. ಆಂಪ್ ಒಂದೇ, ಅದರ ಔಟ್‌ಪುಟ್ ಒಂದೇ. ವೈರ್ ಎರಡಾದ ಮಾತ್ರಕ್ಕೆ ವಾಟ್ ಎಲ್ಲಿಂದ ಬರಬೇಕು?

ಬೈ-ವೈರಿಂಗ್‌ನಲ್ಲಿ ನಡೆಯುವುದು ಇಷ್ಟೇ. ಮಾಮೂಲಿ ಜೋಡಣೆಯಲ್ಲಿ ಟ್ವೀಟರ್ ದಾರಿ, ವೂಫರ್ ದಾರಿ ಸ್ಪೀಕರ್ ಹಿಂಭಾಗದಲ್ಲಿ ಕೂಡುತ್ತವೆ. ಬೈ-ವೈರ್ ಮಾಡಿದರೆ ಆಂಪ್ ಹಿಂಭಾಗದಲ್ಲಿ ಕೂಡುತ್ತವೆ. ಕೂಡುವ ಜಾಗ ಮೂರು ಮೀಟರ್ ಆಚೆಗೆ ಹೋಯಿತು, ಅಷ್ಟೇ. ಬಾಸನ್ನು ವೂಫರ್‌ಗೆ, ಮೇಲಿನ ಸ್ವರವನ್ನು ಟ್ವೀಟರ್‌ಗೆ ಹಂಚುವ ಕ್ರಾಸ್‌ಓವರ್ ಸ್ಪೀಕರ್ ಒಳಗೇ ಇದೆ, ಅದು ಒಂಚೂರೂ ಬದಲಾಗಲಿಲ್ಲ.

ಲೆಕ್ಕ ಬೇಕಾದರೆ: 2.5 ಸ್ಕ್ವೇರ್ ತಾಮ್ರದ ವೈರ್ ಮೀಟರ್‌ಗೆ ಸುಮಾರು 0.007 ಓಮ್. ಹೋಗಿ ಬರುವುದು ಸೇರಿ ಆರು ಮೀಟರ್, ಅಂದರೆ 0.04 ಓಮ್. 8 ಓಮ್ ಸ್ಪೀಕರ್‌ಗೆ ಇದರಿಂದ ಆಗುವ ಇಳಿಕೆ ಸುಮಾರು 0.04 ಡೆಸಿಬೆಲ್. ಇದು ಕಿವಿಗೆ ಗೊತ್ತಾಗುವ ಮಟ್ಟವಲ್ಲ.

ಕಿವಿ_ಮುಖ್ಯ
ಸರ್, ಲೆಕ್ಕ ಒಪ್ಪಿದೆ. ಆದರೆ ವಿಷಯ ಬರೀ ಇಳಿಕೆಯದ್ದಲ್ಲ. ವೂಫರ್ ಅಲುಗಾಡುವಾಗ ವಾಪಸ್ ವೋಲ್ಟೇಜ್ ಹುಟ್ಟುತ್ತದೆ, ಬ್ಯಾಕ್ ಇಎಂಎಫ್. ಒಂದೇ ವೈರ್ ಇದ್ದರೆ ಅದರ ಗಲೀಜು ಟ್ವೀಟರ್‌ಗೂ ಹೋಗುತ್ತದೆ. ಎರಡು ವೈರ್ ಇದ್ದರೆ ಅದು ಆಂಪ್‌ವರೆಗೆ ಬಂದು ಅಲ್ಲೇ ಅಡಗುತ್ತದೆ. ಅಮೆರಿಕದ ವ್ಯಾಂಡರ್‌ಸ್ಟೀನ್ ಕಂಪನಿಯವರು ಬೈ-ವೈರ್ ಮಾಡಿ ಎಂದು ಒತ್ತಿ ಹೇಳುತ್ತಾರೆ. ಸ್ಪೀಕರ್ ಕಟ್ಟುವವರಿಗೆ ಏನೂ ಗೊತ್ತಿಲ್ಲ ಅಂತೀರಾ?

ಸಕ್ಕರೆ_ನಾಡು (ಮಂಡ್ಯ)
ಡೆನ್ಮಾರ್ಕಿನ ಡೈನಾಡಿಯೊ ಕಂಪನಿಯವರು ಬೇಡವೇ ಬೇಡ ಅಂತಾರೆ ಕಣಣ್ಣ. ಅವರ ಸ್ಪೀಕರ್ ಹಿಂದೆ ಒಂದೇ ಜೋಡಿ. ಕೆಇಎಫ್ ಕಂಪನಿಯ ಎಲ್‌ಎಸ್50 ಸ್ಪೀಕರ್ ಬಂದಾಗಲೂ ಒಂದೇ ಜೋಡಿ ಇತ್ತು. ಅವರೂ ಸ್ಪೀಕರ್ ಕಟ್ಟುವವರೇ ಅಲ್ವಾ?

ಓಮ್_ನಿಯಮ
ಕಿವಿ_ಮುಖ್ಯ ಅವರೇ, ನೀವು ಹೇಳಿದ ವಿಷಯ ಇದೆ. ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ಎಷ್ಟು ಎಂದು ನೋಡಬೇಕಲ್ಲ.

ವೂಫರ್ 2 ಆಂಪಿಯರ್ ಎಳೆಯುತ್ತಿದೆ ಅನ್ನಿ. ಮನೆಯಲ್ಲಿ ಅದು ಜೋರು ಸದ್ದೇ. 0.04 ಓಮ್ ವೈರ್‌ನಲ್ಲಿ ಬೀಳುವ ವೋಲ್ಟೇಜ್ 0.08. ಸ್ಪೀಕರ್‌ಗೆ ಹೋಗುತ್ತಿರುವುದು 16 ವೋಲ್ಟ್. ಅಂದರೆ 46 ಡೆಸಿಬೆಲ್ ಕೆಳಗೆ. ಇದರಲ್ಲೂ ಬಹುಪಾಲು ಅದೇ ಹಾಡು, ಗಲೀಜಲ್ಲ. ವೂಫರ್ ತಾನಾಗಿ ಸೇರಿಸುವ ವಿಕೃತಿ ಶೇ 1 ಎಂದು ಹಿಡಿದರೆ ಅದು 86 ಡೆಸಿಬೆಲ್ ಕೆಳಗೆ. ಮೇಲಾಗಿ ಟ್ವೀಟರ್ ಎದುರು ಫಿಲ್ಟರ್ ಕೂತಿದೆ, ಕೆಳಗಿನ ಸ್ವರಗಳನ್ನು ಅದು ಒಳಗೇ ಬಿಡುವುದಿಲ್ಲ. ಅದೇ ವೂಫರ್ ಗಾಳಿಗೆ ನೇರವಾಗಿ ಶೇ 1 ವಿಕೃತಿ ಬಿಡುತ್ತಿರುವಾಗ ಈ 86 ಡೆಸಿಬೆಲ್ ಕೆಳಗಿನದು ಯಾರ ಕಿವಿಗೆ ಬೀಳುತ್ತದೆ?

ಇನ್ನೊಂದು. ಆಂಪ್‌ಗೂ ತನ್ನದೇ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಒಳಗಿನ ತಡೆ ಇದೆ. ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರ್‌ನ 8 ಓಮ್ ಈ ತಡೆಯ ಎಷ್ಟು ಪಟ್ಟು ಎಂಬ ಸಂಖ್ಯೆ) 200 ಇರುವ ಆಂಪ್‌ನಲ್ಲೂ ಅದು 0.04 ಓಮ್, ನಿಮ್ಮ ವೈರ್‌ನಷ್ಟೇ. ಬೈ-ವೈರ್ ಮಾಡಿದರೂ ಅದು ಎರಡೂ ದಾರಿಗೆ ಹಂಚಿಕೆಯಾಗಿಯೇ ಇರುತ್ತದೆ. ಆಂಪ್‌ವರೆಗೆ ಬಂದು ಅಡಗಿತು ಅನ್ನುವುದು ಪೂರ್ತಿ ಸರಿಯಲ್ಲ.

ಮೈಕ್‌ಸೆಟ್_ಅಣ್ಣ (ಮಂಡ್ಯ)
ನಮ್ಮದು ಮದುವೆ, ಹಬ್ಬ, ನಾಟಕಕ್ಕೆ ಸೌಂಡ್ ಹಾಕುವ ಕೆಲಸ. ನಮ್ಮ ಹುಡುಗರಿಗೆ ನಾನು ಹೇಳಿಕೊಡುವುದು ಹೀಗೆ: ಒಂದೇ ಪಂಪ್‌ಸೆಟ್‌ಗೆ ಎರಡು ಪೈಪ್ ಹಾಕಿದರೆ ನೀರು ಡಬಲ್ ಆಗಲ್ಲ. ಪೈಪ್ ಮೊದಲೇ ಸಣ್ಣದಿದ್ದರೆ ಮಾತ್ರ ಸ್ವಲ್ಪ ಅನುಕೂಲ.

ನಮ್ಮ ಕೆಲಸದಲ್ಲಿ ವೈರ್ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಸ್ಟೇಜಿಂದ 30 ಮೀಟರ್ ಎಳೆದರೆ 2.5 ಸ್ಕ್ವೇರ್‌ನಲ್ಲಿ 0.4 ಓಮ್ ಆಯಿತು. ಬಾಕ್ಸ್ 4 ಓಮ್. ಸುಮಾರು ಹತ್ತನೇ ಒಂದು ಪಾಲು ಪವರ್ ವೈರನ್ನು ಬಿಸಿ ಮಾಡೋಕೆ ಹೋಯಿತು. ಅದಕ್ಕೇ ಆಂಪ್ ರ‍್ಯಾಕನ್ನು ಬಾಕ್ಸ್ ಪಕ್ಕಕ್ಕೇ ತಂದು ಇಡುತ್ತೇವೆ. ಮನೆಯಲ್ಲಿ ಮೂರು ಮೀಟರ್‌ಗೆ ಇಷ್ಟು ತಲೆ ಬಿಸಿ ಯಾಕೆ?

ಬಾಸ್‌ಗೆ ಒಂದು, ಮೇಲಿನದಕ್ಕೆ ಒಂದು ಅಂತ ನಾವೂ ಬೇರೆ ಮಾಡುತ್ತೇವೆ. ಆದರೆ ಅದು ಬೇರೆ ಲೆಕ್ಕ. ಸಿಗ್ನಲ್ ಮೊದಲು ಕ್ರಾಸ್‌ಓವರ್‌ಗೆ ಹೋಗಿ ಅಲ್ಲಿ ಎರಡಾಗುತ್ತದೆ, ಆಮೇಲೆ ಎರಡು ಆಂಪ್. ನಾಲ್ಕು ಪೋಲ್‌ನ ಸ್ಪೀಕಾನ್ ಕನೆಕ್ಟರ್‌ನಲ್ಲಿ 1+ 1- ಬಾಸ್‌ಗೆ, 2+ 2- ಮೇಲಿನದಕ್ಕೆ. ಅದರಲ್ಲಿ ವ್ಯತ್ಯಾಸ ಕಿವಿಗೆ ಹೊಡೆದ ಹಾಗೆ ಗೊತ್ತಾಗುತ್ತೆ.

ಓಮ್_ನಿಯಮ
ಅಣ್ಣ ಹೇಳಿದ್ದು ಮುಖ್ಯ. ಮೂರು ಬೇರೆ ಬೇರೆ ಸಂಗತಿಗಳನ್ನು ಜನ ಕಲಸಿಬಿಡುತ್ತಾರೆ. ಒಂದು ಆಂಪ್, ಎರಡು ವೈರ್ ಇದ್ದರೆ ಬೈ-ವೈರಿಂಗ್. ಎರಡು ಆಂಪ್ ಇದ್ದು ಸ್ಪೀಕರ್ ಒಳಗಿನ ಕ್ರಾಸ್‌ಓವರ್ ಹಾಗೇ ಇದ್ದರೆ ಪ್ಯಾಸಿವ್ ಬೈ-ಆಂಪಿಂಗ್. ಆಂಪ್‌ಗೆ ಮೊದಲೇ ಸಿಗ್ನಲ್ ಒಡೆದು, ಒಳಗಿನ ಕ್ರಾಸ್‌ಓವರ್ ಕಿತ್ತು ಹಾಕಿದರೆ ಆಕ್ಟಿವ್. ಕೊನೆಯದರಲ್ಲಿ ದೊಡ್ಡ ಲಾಭ ಇದೆ. ಮೊದಲನೆಯದರ ಪ್ರಚಾರಕ್ಕೆ ಕೊನೆಯದರ ಗುಣಗಾನ ಬಳಸುತ್ತಾರೆ, ನನಗೆ ಸಿಟ್ಟು ಬರುವುದು ಅಲ್ಲೇ.

ವೀಣೆ_ಮನೆ (ಮೈಸೂರು, ಒಂಟಿಕೊಪ್ಪಲು)
ಬೋಗಾದಿಯವರೇ, ನಾನು ವೀಣೆ ಪಾಠ ಹೇಳಿಕೊಡುವವಳು. ಓಮ್ ಲೆಕ್ಕ ನನಗೆ ಬರದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನನಗೆ ತಟ್ಟಿತು. ಎಡಗಡೆಯಿಂದ ತಂಬೂರಿ ಮಂಕು ಅಂದಿರಿ. ಎರಡೂ ಕಡೆ ಮಂಕಾಗಿದ್ದರೆ ರೆಕಾರ್ಡಿಂಗ್ ಹಾಗಿರಬಹುದು. ಒಂದೇ ಕಡೆ ಯಾಕೆ?

ತಂಬೂರಿಯ ಜೀವ ಇರುವುದು ಅದರ ಜೀವಾಳಿಯಲ್ಲಿ. ನೂಲು ಸರಿಯಾಗಿ ಕೂತಾಗ ಬರುವ ಆ ಜೇಂಕಾರದಲ್ಲಿ ತುಂಬ ಮೇಲಿನ ಸ್ವರಾಂಶಗಳಿರುತ್ತವೆ. ಅವು ಹೋದರೆ ಬರೀ "ಡೊಂಯ್" ಉಳಿಯುತ್ತದೆ. ಎಡ ಸ್ಪೀಕರ್‌ನ ಟ್ವೀಟರ್ ಹಾಡುತ್ತಿದೆಯಾ ಎಂದು ಕಿವಿ ಹತ್ತಿರ ಇಟ್ಟು ಕೇಳಿ ನೋಡಿ.

ಸಕ್ಕರೆ_ನಾಡು
ಮೇಡಂ ಸರಿಯಾಗಿ ಹಿಡಿದ್ರಿ. ಎಡ ಬಲ ಸ್ಪೀಕರ್ ಅದಲು ಬದಲು ಮಾಡಿ ನೋಡಿ. ಮಂಕು ಸ್ಪೀಕರ್ ಜೊತೆ ಬಲಕ್ಕೆ ಹೋದರೆ ಸ್ಪೀಕರ್‌ದೇ ತೊಂದರೆ. ಎಡದಲ್ಲೇ ಉಳಿದರೆ ಆಂಪ್, ವೈರ್ ಇಲ್ಲವೇ ರೂಮ್.

ಹಳೇ_ರೇಡಿಯೊ (ಮೈಸೂರು)
ನಿವೃತ್ತ ಎಂಜಿನಿಯರ್, ಪ್ರಸಾರದ ಕೆಲಸದಲ್ಲಿ ಇದ್ದವನು. ಮೊದಲು ಆ ಚಿನ್ನದ ಬಣ್ಣದ ಪಟ್ಟಿ ನೋಡಿ. ನಿಮ್ಮ ವೈರ್ ಕೆಳಗಿನ ಟರ್ಮಿನಲ್‌ಗೆ ಬಂದಿದೆ, ಅಂದರೆ ಟ್ವೀಟರ್‌ಗೆ ಹೋಗುವುದೆಲ್ಲ ಆ ಪಟ್ಟಿ ಮೂಲಕವೇ ಹೋಗಬೇಕು. ಆ ಪಟ್ಟಿ ಸಾಮಾನ್ಯವಾಗಿ ಹಿತ್ತಾಳೆ, ಮೇಲೆ ತೆಳು ಲೇಪ. ನಟ್ ಸಡಿಲವಾದರೆ, ನಡುವೆ ಕಿಲುಬು ಕೂತರೆ ಟ್ವೀಟರ್ ಅರೆಜೀವ. ಬೆರಳಲ್ಲಿ ನಟ್ ತಿರುಗಿಸಿ ನೋಡಿ, ಒಂದು ಸುತ್ತು ಸಲೀಸಾಗಿ ಹೋದರೆ ಕಳ್ಳ ಸಿಕ್ಕ.

ಮಳೆಗಾಲ ಕಳೆದ ಮೇಲೆ ವೈರ್ ತುದಿಯನ್ನೂ ನೋಡಬೇಕು. ಪಾರದರ್ಶಕ ಹೊದಿಕೆಯ ವೈರ್ ಆದರೆ ಒಳಗೆ ತಾಮ್ರ ಹಸಿರು ಅಥವಾ ಕಪ್ಪು ತಿರುಗಿರುವುದು ಕಣ್ಣಿಗೇ ಕಾಣುತ್ತದೆ. ಅಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಹಾಕಿ. ಒಂದು ಎಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು, ಆಂಪ್ ಸುಟ್ಟೀತು.

ಬೋಗಾದಿ_ಕೇಳುಗ
ನೋಡಿದೆ. ಎಡ ಸ್ಪೀಕರ್‌ನ ಮೇಲಿನ ಕಪ್ಪು ಟರ್ಮಿನಲ್ ನಟ್ ಪೂರ್ತಿ ಸಡಿಲ. ಪಟ್ಟಿ ಕೈಯಲ್ಲಿ ಅಲುಗಾಡುತ್ತಿತ್ತು. ತೆಗೆದು ನೋಡಿದರೆ ನಟ್ ಕೂರುವ ಜಾಗದಲ್ಲಿ ಉಂಗುರದ ಆಕಾರಕ್ಕೆ ಕಪ್ಪು ಕಲೆ. ಸ್ಪಿರಿಟ್ ಹಾಕಿ ಒರೆಸಿ, ಬಿಗಿ ಮಾಡಿದೆ. ಎಡಗಡೆ ತಂಬೂರಿ ಈಗ ಬಲಗಡೆಯ ಹಾಗೇ ಇದೆ! ವೀಣೆ_ಮನೆ ಮೇಡಂ, ಹಳೇ_ರೇಡಿಯೊ ಸರ್, ಇಬ್ಬರಿಗೂ ತುಂಬ ಥ್ಯಾಂಕ್ಸ್.

ತೊಪ್ಪಿಯ ಗುಂಯ್ ಹಾಗೇ ಇದೆ. ಬೈ-ವೈರ್ ಪ್ರಶ್ನೆಯೂ ಹಾಗೇ ಇದೆ.

ಓಮ್_ನಿಯಮ
ಗಮನಿಸಿ, ಎಷ್ಟೋ ಜನರಿಗೆ ಬೈ-ವೈರ್ ಮಾಡಿದ ತಕ್ಷಣ "ಮೇಲಿನ ಸ್ವರ ತಿಳಿಯಾಯಿತು" ಅನ್ನಿಸುವುದು ಇದೇ ಕಾರಣಕ್ಕೆ ಇರಬಹುದು. ಬೈ-ವೈರ್ ಮಾಡಲು ಪಟ್ಟಿ ತೆಗೆಯಲೇಬೇಕು. ಕೊಳೆ ಕೂತ ಕೀಲು ಹೋಯಿತು, ಹೊಸದಾಗಿ ಸುಲಿದ ವೈರ್ ಬಂತು, ನಟ್ ಎಲ್ಲ ಬಿಗಿಯಾದವು. ಹೊಗಳಿಕೆ ಎರಡನೇ ವೈರ್‌ಗೆ ಹೋಗುತ್ತದೆ.

ಕಿವಿ_ಮುಖ್ಯ
ನನ್ನ ಸ್ಪೀಕರ್‌ನಲ್ಲಿ ಪಟ್ಟಿ ಚೆನ್ನಾಗೇ ಇತ್ತು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಟ್ಯೂಬ್_ಬೆಳಕು (ಮೈಸೂರು, ವಿಜಯನಗರ)
ನಾನು ವಾಲ್ವ್ ಆಂಪ್ ಬಳಸುವವನು. ಇದರ ಔಟ್‌ಪುಟ್ ಇಂಪೀಡೆನ್ಸ್ ಒಂದೆರಡು ಓಮ್ ಇರುತ್ತದೆ. ಅದರ ಮುಂದೆ ವೈರ್‌ನ 0.04 ಯಾವ ಮೂಲೆಗೂ ಇಲ್ಲ. ಓಮ್_ನಿಯಮ ಅವರ ಲೆಕ್ಕ ನಮ್ಮಂಥವರಿಗೆ ಇನ್ನೂ ಜಾಸ್ತಿ ಅನ್ವಯ.

ಹಾಗಿದ್ದೂ ನಾನು ಪಟ್ಟಿ ಬದಲಿಸಿ ಅದೇ ವೈರ್‌ನ ಗೇಣುದ್ದದ ತುಂಡು ಹಾಕಿಕೊಂಡಿದ್ದೇನೆ. ಸೌಂಡ್‌ಗಾಗಿ ಅಲ್ಲ. ಎರಡು ತುದಿಗೂ ಬನಾನಾ ಪ್ಲಗ್ ಇದ್ದರೆ ಸಡಿಲವಾಗುವ ಗೋಳು ಇಲ್ಲ.

ಹಳೇ_ರೇಡಿಯೊ
ಸ್ಪೀಕರ್ ವಿಷಯ ಬಂತು, ಮೈಸೂರಿನ ಒಂದು ಮಾತು ಹೇಳಿಬಿಡುತ್ತೇನೆ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ ಊರು ಇದು. ಅವರು ಕಲಿಸುತ್ತಿದ್ದುದು ಮನಃಶಾಸ್ತ್ರ. ಇನ್ನು ಜಯಚಾಮರಾಜೇಂದ್ರ ಒಡೆಯರ್. ಅವರ ಅರಮನೆಯಲ್ಲಿ ರೆಕಾರ್ಡ್‌ಗಳ ದೊಡ್ಡ ಭಂಡಾರವೇ ಇತ್ತು, ಬಗೆಬಗೆಯ ಲೌಡ್‌ಸ್ಪೀಕರ್‌ಗಳೂ ಇದ್ದವು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ನಮ್ಮ ಮಹಾರಾಜರು. ರಷ್ಯಾದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ಅವರ ಸಂಗೀತ ರೆಕಾರ್ಡ್ ಆಗಲಿ ಎಂದು ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಇವರಿಗೇ ಅರ್ಪಿಸಿದ.

ಸಕ್ಕರೆ_ನಾಡು
ಇದು ಗೊತ್ತೇ ಇರಲಿಲ್ಲ! ವೀಣೆ, ಪಿಟೀಲಿಗೆ ಅರಮನೆ ಆಸರೆ ಕೊಟ್ಟಿದ್ದು ಗೊತ್ತಿತ್ತು. ಪಿಯಾನೊ ವಿಷಯ ಹೊಸದು.

ವೀಣೆ_ಮನೆ
ಮಹಾರಾಜರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದ್ದಾರೆ. ಶ್ರೀವಿದ್ಯಾ ಎಂಬ ಅಂಕಿತ. ನಮ್ಮ ಮಕ್ಕಳಿಗೆ ಇವತ್ತಿಗೂ ಪಾಠ ಮಾಡುತ್ತೇವೆ.

ಕಿವಿ_ಮುಖ್ಯ
ಸರಿ, ಈಗ ವೈರ್‌ಗೆ ವಾಪಸ್ ಬರೋಣ. ನಾನು ಕೇಳಿ ಅನುಭವಿಸಿದ್ದನ್ನು ಲೆಕ್ಕ ಹಾಕಿ ಇಲ್ಲ ಅಂದರೆ ಹೇಗೆ ಒಪ್ಪಲಿ? ಕೇಳುವುದಕ್ಕೇ ಅಲ್ವಾ ಸ್ಪೀಕರ್ ಇರುವುದು?

ಓಮ್_ನಿಯಮ
ನಿಮಗೆ ಕೇಳಿಸಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಕಾರಣ ಯಾವುದು ಅನ್ನುವುದೇ ಪ್ರಶ್ನೆ. 1994ರಲ್ಲಿ ಆಡಿಯೊ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗ ಪ್ರಕಟಿಸಿದರು. ಅದೇ ಕೇಳುಗರು, ಅದೇ ಸ್ಪೀಕರ್‌ಗಳು. ಕಣ್ಣಿಗೆ ಕಾಣುವಂತೆ ಇಟ್ಟಾಗ ಕೊಟ್ಟ ಅಂಕ ಒಂದು ಥರ, ಕಾಣದಂತೆ ಮರೆಮಾಡಿದಾಗ ಇನ್ನೊಂದು ಥರ. ಕೇಳುವುದರಲ್ಲಿ ಪಳಗಿದವರಿಗೂ ಹಾಗೇ ಆಯಿತು. ಅದಕ್ಕೆ ನನ್ನ ಕಿವಿಯನ್ನೂ ನಾನು ಕಣ್ಣು ಮುಚ್ಚಿಸಿಯೇ ನಂಬುವುದು.

ನೀವೂ ನಾನೂ ಒಂದೇ ಊರಿನವರು. ಬನ್ನಿ, ಒಂದು ಭಾನುವಾರ ಕೂತು ಮಾಡೋಣ. ಬೋಗಾದಿಯವರ ಮನೆಯಲ್ಲೇ ಆಗಬಹುದು, ಅವರು ಒಪ್ಪಿದರೆ.

ಬೋಗಾದಿ_ಕೇಳುಗ
ಧಾರಾಳವಾಗಿ ಬನ್ನಿ. ಕಾಫಿ ನನ್ನದು. ಹೆಚ್ಚಿಗೆ ವೈರ್ ಯಾರಾದರೂ ತನ್ನಿ.

ಮೈಕ್‌ಸೆಟ್_ಅಣ್ಣ
ವೈರ್ ನಾನು ತರುತ್ತೇನೆ. ಹುಷಾರು, ಮಾರ್ಕೆಟ್‌ನಲ್ಲಿ ತಾಮ್ರ ಅಂತ ಕೊಡುವ ಎಷ್ಟೋ ಸ್ಪೀಕರ್ ವೈರ್ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಪೂಚು. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಬೇಡ. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು. ಹಗುರ ಇರುತ್ತೆ, ಎರಡು ಸಲ ಮಡಚಿದರೆ ತುಂಡಾಗುತ್ತೆ.

ಓಮ್_ನಿಯಮ
ಪರೀಕ್ಷೆ ಹೇಗೆ ಮಾಡಬೇಕು ಎಂದು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿರಬಾರದು.

ಎರಡು ಜೋಡಿ ವೈರ್ ಎರಡೂ ಸ್ಥಿತಿಯಲ್ಲಿ ಹಾಕಿಯೇ ಇರಬೇಕು. ಮೇಲಿನ ಟರ್ಮಿನಲ್‌ಗೆ ಒಂದು, ಕೆಳಗಿನದಕ್ಕೆ ಒಂದು. ಬದಲಾಗುವುದು ನಡುವಿನ ಕೊಂಡಿ ಮಾತ್ರ. ಕೊಂಡಿ ತೆಗೆದರೆ ಬೈ-ವೈರ್. ಹಾಕಿದರೆ ಎರಡೂ ವೈರ್ ಸೇರಿ ಒಂದೇ ದಪ್ಪ ವೈರ್ ಆಯಿತು, ಅಂದರೆ ಮಾಮೂಲಿ ಜೋಡಣೆ. ಎರಡರಲ್ಲೂ ತಾಮ್ರ ಅಷ್ಟೇ. "ನಿಮ್ಮದು ದಪ್ಪ ವೈರ್, ಅದಕ್ಕೇ ಚೆನ್ನಾಗಿತ್ತು" ಎಂಬ ಮಾತಿಗೆ ಜಾಗ ಇಲ್ಲ. ಟ್ಯೂಬ್_ಬೆಳಕು ಅವರ ಬನಾನಾ ತುಂಡುಗಳಿದ್ದರೆ ಕ್ಷಣದಲ್ಲಿ ಬದಲಿಸಬಹುದು. ಬದಲಿಸುವಾಗ ವಾಲ್ಯೂಮ್ ಸೊನ್ನೆಗೆ ಇಳಿಸಿ, ಕೆಂಪು ಕಪ್ಪು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಬದಲಿಸುವವರು ನಾಣ್ಯ ಚಿಮ್ಮಿ ನಿರ್ಧರಿಸಬೇಕು, ಕೇಳುವವರಿಗೆ ಮುಖ ತೋರಿಸಬಾರದು, ಮಾತೂ ಆಡಬಾರದು. 16 ಸಲ ಕೇಳಿದರೆ ಕನಿಷ್ಠ 12 ಸರಿ ಹೇಳಬೇಕು. ಸುಮ್ನೆ ಊಹಿಸಿ 12 ಮುಟ್ಟುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಎಂಟೊಂಬತ್ತು ಸರಿ ಬಂದರೆ ಅದು ನಾಣ್ಯದ ಆಟ.

ಕಿವಿ_ಮುಖ್ಯ
ಒಪ್ಪಿದೆ. ಆದರೆ ನನಗೆ ಗೊತ್ತಿರುವ ಹಾಡು ಬೇಕು, ಅವಸರ ಮಾಡಬಾರದು. ಪ್ರತಿ ಸಲ ಪೂರ್ತಿ ಪಲ್ಲವಿ ಕೇಳುತ್ತೇನೆ.

ಓಮ್_ನಿಯಮ
ನ್ಯಾಯವಾದ ಮಾತು. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ.

ಸಕ್ಕರೆ_ನಾಡು
ಮಂಡ್ಯದಿಂದ ಬೆಳಗಿನ ಟ್ರೈನ್ ಹಿಡಿದು ನಾನೂ ಬರ್ತೀನಿ. ಕೊಂಡಿ ಬದಲಿಸೋ ಕೆಲಸ ನನಗೆ ಕೊಡಿ.

ಬೋಗಾದಿ_ಕೇಳುಗ
ಎಲ್ಲರೂ ಬಂದು ಹೋದರು. ನಡೆದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ಅಲ್ಲಿದ್ದವರು ತಿದ್ದಿ.

ಸ್ಪೀಕರ್ ಹಿಂದೆ ಒಂದು ಹಳೇ ಸೀರೆ ಇಳಿಬಿಟ್ಟು, ಅದರ ಹಿಂದೆ ಸಕ್ಕರೆ_ನಾಡು ಕೂತರು. ಕೈಯಲ್ಲಿ ನಾಣ್ಯ, ಮಡಿಲಲ್ಲಿ ಪುಸ್ತಕ. ಕೊಂಡಿ ಇರಲಿ ಇಲ್ಲದಿರಲಿ, ಪ್ರತಿ ಸಲವೂ ಪ್ಲಗ್ ಎಳೆದು ಹಾಕುವ ಸದ್ದು ಮಾಡುತ್ತಿದ್ದರು, ಯಾರಿಗೂ ಸುಳಿವು ಸಿಗಬಾರದು ಅಂತ. ಕಿವಿ_ಮುಖ್ಯ ಅವರು ತಮ್ಮದೇ ಆಯ್ಕೆಯ ಪಿಟೀಲು ಕಚೇರಿ ತಂದಿದ್ದರು. ಕಣ್ಣು ಮುಚ್ಚಿ ತುಂಬ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಪುಸ್ತಕ ತೆಗೆದು ತಾಳೆ ನೋಡಿದರೆ ಸರಿ ಉತ್ತರ ಅರ್ಧದ ಆಸುಪಾಸು. ವೀಣೆ_ಮನೆ ಮೇಡಂ ಅವರದೂ ಹಾಗೇ. ನನ್ನದೂ ಹಾಗೇ.

ಓಮ್_ನಿಯಮ ಅವರು ಅಳತೆ ಮೈಕ್ ತಂದಿದ್ದರು. ಲ್ಯಾಪ್‌ಟಾಪ್‌ನಲ್ಲಿ ರೂಮ್ ಇಕ್ಯೂ ವಿಝರ್ಡ್ ಎಂಬ ಸಾಫ್ಟ್‌ವೇರ್ ಹಾಕಿ, ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗೆರೆಯನ್ನು ಎರಡೂ ಸ್ಥಿತಿಗೆ ತೆಗೆದರು. ಒಂದರ ಮೇಲೊಂದು ಕೂತವು, ಎರಡು ಗೆರೆ ಇವೆ ಎಂದು ಹೇಳಿದ್ದಕ್ಕೆ ನಂಬಬೇಕು ಅಷ್ಟೇ. ಆದರೆ ಅದೇ ಗೆರೆಯಲ್ಲಿ ಕೆಳಗಡೆ ದೊಡ್ಡ ಗುಡ್ಡ ಒಂದು ಕಂಡಿತು. ಅದರ ಬಗ್ಗೆ ಅವರೇ ಹೇಳಲಿ.

ಕಿವಿ_ಮುಖ್ಯ
ಬರೆದದ್ದೆಲ್ಲ ಸರಿಯಾಗಿದೆ. ಈ ಸ್ಪೀಕರ್, ಈ ಆಂಪ್, ಈ ಉದ್ದದ ವೈರ್‌ನಲ್ಲಿ ನನಗೆ ಗುರುತಿಸಲು ಆಗಲಿಲ್ಲ. ನನ್ನ ಮನೆಯ ಸ್ಪೀಕರ್ ದೊಡ್ಡದು, ಕ್ರಾಸ್‌ಓವರ್ ಬೇರೆ ಥರ. ಮುಂದಿನ ಸಲ ನಮ್ಮ ಮನೆಯಲ್ಲಿ ಆಗಲಿ. ಅಲ್ಲೂ ಗೊತ್ತಾಗದಿದ್ದರೆ ಆಗ ಮಾತಾಡೋಣ.

ಓಮ್_ನಿಯಮ
ಖಂಡಿತ ಬರುತ್ತೇನೆ. ನೀವು ಪಟ್ಟು ಹಿಡಿದು ಕೂತು ಕೇಳಿದ ರೀತಿ ನನಗೆ ತುಂಬ ಹಿಡಿಸಿತು.

ಈಗ ಗುಡ್ಡದ ವಿಷಯ. ಬೋಗಾದಿಯವರ ರೂಮ್ 12 ಅಡಿ ಉದ್ದ, 10 ಅಡಿ ಅಗಲ. ಎದುರು ಬದುರು ಗೋಡೆಗಳ ನಡುವೆ ಬಾಸ್ ಅಲೆ ಕಟ್ಟಿಕೊಂಡು ನಿಲ್ಲುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 56. ಅಳತೆಯಲ್ಲಿ ಸಿಕ್ಕಿದ್ದೂ ಅಲ್ಲೇ. ಸುತ್ತಲಿನ ಮಟ್ಟಕ್ಕಿಂತ ಹತ್ತು ಡೆಸಿಬೆಲ್‌ನಷ್ಟು ಎತ್ತರ. ನಾವು ಜಗಳ ಆಡುತ್ತಿದ್ದುದು 0.04 ಡೆಸಿಬೆಲ್‌ಗೆ! ಸ್ಪೀಕರ್ ಎರಡೂ ಮೂಲೆಗೆ ಒತ್ತಿಕೊಂಡಿದ್ದವು, ಕೂರುವ ಸೋಫಾ ಹಿಂದಿನ ಗೋಡೆಗೆ. ಗೋಡೆ ಹತ್ತಿರ ಕೂತಷ್ಟೂ ಈ ಗುಂಯ್ ಜಾಸ್ತಿ.

ಸ್ಪೀಕರ್‌ಗಳನ್ನು ಎರಡು ಅಡಿ ಮುಂದೆ ತಂದೆವು, ಸೋಫಾ ಒಂದೂವರೆ ಅಡಿ ಮುಂದೆ. ನೆಲ ಪೂರ್ತಿ ಟೈಲ್ಸ್, ಅದಕ್ಕೆ ನಡುವೆ ದಪ್ಪ ಜಮಖಾನ ಹಾಸಿದೆವು.

ವೀಣೆ_ಮನೆ
ಆ ಬದಲಾವಣೆಗೆ ಪರದೆ ಹಿಂದೆ ಯಾರೂ ಕೂರಬೇಕಾಗಿರಲಿಲ್ಲ! ತೊಪ್ಪಿ ಪೆಟ್ಟು ಮುಗಿದ ಮೇಲೆ ಮುಗಿಯಿತು. ವೀಣೆಯ ಮಂದ್ರದ ಗಮಕ ಬಿಡಿಬಿಡಿಯಾಗಿ ಕೇಳಿತು. ಜಮಖಾನ ಹಾಸಿದ ಮೇಲೆ ಮೀಟಿನ ಸದ್ದು ಕಿವಿಗೆ ಚುಚ್ಚುವುದೂ ಕಡಿಮೆಯಾಯಿತು. ನಮ್ಮ ಹಳೇ ಮನೆಗಳ ಪಾಠದ ಕೋಣೆಯಲ್ಲಿ ಚಾಪೆ, ಜಮಖಾನ, ಪುಸ್ತಕದ ಬೀರು ಇದ್ದೇ ಇರುತ್ತಿದ್ದವು. ಅಲ್ಲಿ ನುಡಿಸಲು ಯಾಕೆ ಹಿತ ಅನ್ನಿಸುತ್ತಿತ್ತು ಎಂದು ಈಗ ಕಾರಣ ಸಿಕ್ಕಿತು.

ಮೈಕ್‌ಸೆಟ್_ಅಣ್ಣ
ನಾನು ಮೊದಲೇ ಹೇಳಿದ್ದೆನಲ್ಲ ಗುರು, ಜಾಗ ನೋಡಿ ಬಾಕ್ಸ್ ಇಡಬೇಕು ಅಂತ. ಅಲ್ಲಿ ಹೇಳಿದ್ದು, ಇಲ್ಲಿ ಬರೆದಿರಲಿಲ್ಲ ಅಷ್ಟೇ. ಕಲ್ಯಾಣ ಮಂಟಪಕ್ಕೂ ಮನೆಗೂ ನಿಯಮ ಒಂದೇ.

ಟ್ಯೂಬ್_ಬೆಳಕು
ಒಂದು ಪ್ರಶ್ನೆ ಉಳಿಯಿತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಕಂಪನಿಗಳು ನಾಲ್ಕು ಟರ್ಮಿನಲ್ ಯಾಕೆ ಕೊಡುತ್ತವೆ?

ಓಮ್_ನಿಯಮ
ಎರಡು ಟರ್ಮಿನಲ್ ಹೆಚ್ಚಿಗೆ ಕೊಡುವ ಖರ್ಚು ಕಡಿಮೆ, ಕೊಳ್ಳುವವರು ಕೇಳುತ್ತಾರೆ. ಬೈ-ಆಂಪ್ ಮಾಡುವವರಿಗೂ ಬೇಕು. ರಿಪೇರಿ ಮಾಡುವಾಗ ವೂಫರ್, ಟ್ವೀಟರ್ ದಾರಿ ಬೇರೆ ಬೇರೆಯಾಗಿ ಅಳೆಯಲೂ ಅನುಕೂಲ. ತೆಳು ವೈರ್ ಇರುವ ಮನೆಯಲ್ಲಿ ಎರಡನೇ ಜೋಡಿಯಿಂದ ಸ್ವಲ್ಪ ಉಪಯೋಗ ಆಗಬಹುದು. ಟಿವಿ ಹೋಮ್ ಥಿಯೇಟರ್ ಸೆಟ್ ಜೊತೆ ಬರುವ ಎಳೆಯಂಥ 0.5 ಸ್ಕ್ವೇರ್ ವೈರ್‌ನಲ್ಲಿ ಮೂರು ಮೀಟರ್‌ಗೆ 0.2 ಓಮ್ ಆಗುತ್ತದೆ. ಸ್ಪೀಕರ್ 4 ಓಮ್‌ಗೆ ಇಳಿಯುವ ಕಡೆ 0.4 ಡೆಸಿಬೆಲ್ ಇಳಿಕೆ. ಅಲ್ಲಿ ವೈರ್ ದಪ್ಪ ಮಾಡಿದರೆ ಸಾಕು, ಬೈ-ವೈರೇ ಆಗಬೇಕಿಲ್ಲ.

ಗುತ್ತಲು_ಹುಡುಗ (ಮಂಡ್ಯ)
ಅಣ್ಣಂದಿರಾ, ಈಗಷ್ಟೇ ಎಲ್ಲ ಓದಿದೆ. ನನ್ನ ಹತ್ತಿರ 7.1 ಎವಿ ರಿಸೀವರ್ (ಹಲವು ಚಾನಲ್‌ನ ಹೋಮ್ ಥಿಯೇಟರ್ ಆಂಪ್) ಇದೆ, ಮುಂದಿನ ಸ್ಪೀಕರ್ ಎರಡಕ್ಕೂ ನಾಲ್ಕು ಟರ್ಮಿನಲ್. ಮೆನುವಿನಲ್ಲಿ ಬೈ-ಆಂಪ್ ಅಂತ ಇದೆ. ಹಿಂದಿನ ಚಾನಲ್ ಖಾಲಿ ಇವೆ, ಅದರಿಂದ ಇನ್ನೊಂದು ಜೋಡಿ ವೈರ್ ಎಳೆದಿದ್ದೇನೆ. ಇನ್ನೂ ಆನ್ ಮಾಡಿಲ್ಲ. ಮಾಡಲಾ?

ಹಳೇ_ರೇಡಿಯೊ
ತಡೆಯಪ್ಪಾ! ಸ್ಪೀಕರ್ ಹಿಂದಿನ ಪಟ್ಟಿ ತೆಗೆದಿದ್ದೀಯಾ? ಬೈ-ವೈರಿಂಗ್‌ನಲ್ಲಿ ಪಟ್ಟಿ ಉಳಿದರೆ ಏನೂ ಆಗಲ್ಲ, ಆಂಪ್ ಒಂದೇ ತಾನೇ. ಬೈ-ಆಂಪ್‌ನಲ್ಲಿ ಪಟ್ಟಿ ಉಳಿದರೆ ಎರಡು ಆಂಪ್‌ಗಳ ಔಟ್‌ಪುಟ್ ನೇರವಾಗಿ ಒಂದಕ್ಕೊಂದು ಸೇರುತ್ತವೆ. ಪ್ರೊಟೆಕ್ಷನ್ ಬಿದ್ದರೆ ಅದೃಷ್ಟ, ಇಲ್ಲದಿದ್ದರೆ ಔಟ್‌ಪುಟ್ ಸ್ಟೇಜ್ ಹೋಗುತ್ತದೆ.

ಗುತ್ತಲು_ಹುಡುಗ
ಪಟ್ಟಿ ಹಾಗೇ ಇದೆ ಸರ್! ಈಗಲೇ ಪ್ಲಗ್ ಕಿತ್ತು, ಪಟ್ಟಿ ತೆಗೀತೀನಿ.

ಓಮ್_ನಿಯಮ
ಎರಡೂ ಸ್ಪೀಕರ್‌ನದ್ದು, ಕೆಂಪು ಕಪ್ಪು ಎರಡೂ ಕಡೆಯದ್ದು ತೆಗೆಯಿರಿ. ಆಮೇಲೆ ಮೆನುವಿನಲ್ಲಿ ಬೈ-ಆಂಪ್ ಆರಿಸಿ, ಇಲ್ಲದಿದ್ದರೆ ಟ್ವೀಟರ್‌ಗೆ ಹಿಂದಿನ ಚಾನಲ್‌ನ ಸದ್ದು ಹೋಗುತ್ತದೆ. ಪವರ್ ಡಬಲ್ ಆಗುತ್ತೆ ಎಂಬ ಆಸೆ ಬೇಡ, ಎಲ್ಲ ಚಾನಲ್‌ಗೂ ಒಳಗೆ ಪವರ್ ಸಪ್ಲೈ ಒಂದೇ.

ಗುತ್ತಲು_ಹುಡುಗ
ನಾಲ್ಕೂ ಪಟ್ಟಿ ತೆಗೆದೆ, ಮೆನುವಿನಲ್ಲೂ ಬದಲಿಸಿದೆ. ಟ್ವೀಟರ್, ವೂಫರ್ ಎರಡೂ ಹಾಡುತ್ತಿವೆ. ಪಟ್ಟಿಗಳನ್ನು ರಿಸೀವರ್ ಡಬ್ಬದಲ್ಲೇ ಜೋಪಾನ ಇಟ್ಟಿದ್ದೇನೆ. ಮುಂದಿನ ಪರೀಕ್ಷೆ ಗೋಕುಲಂನಲ್ಲಿ ಯಾವಾಗ? ನಾನೂ ಬರಬಹುದಾ?

ಕಿವಿ_ಮುಖ್ಯ
ಬಾರಪ್ಪಾ. ಹಬ್ಬದ ಗಲಾಟೆ ಮುಗಿಯಲಿ, ದಸರಾ ಆದ ಮೇಲಿನ ಭಾನುವಾರ ಇಟ್ಟುಕೊಳ್ಳೋಣ. ಮೈಕ್‌ಸೆಟ್_ಅಣ್ಣ, ಈ ಸಲ ಆರು ಮೀಟರ್ ವೈರ್ ಬೇಕಾಗುತ್ತೆ, ನನ್ನ ಆಂಪ್ ದೂರ ಇದೆ.